ಗ್ರಾಫಿಕ್ಸ್ ಕಾರ್ಡ್ ಆರಿಸುವ ಬಗೆ: ಮಾನಿಟರ್‌ನಿಂದ ಶುರುಮಾಡಿ, ಕಾರ್ಡಿನಲ್ಲಿ ಮುಗಿಸಿ

ಸ್ವಂತವಾಗಿ ಕಂಪ್ಯೂಟರ್ ಜೋಡಿಸಲು ಹೊರಟವರು ಎಲ್ಲಕ್ಕಿಂತ ಮೊದಲು ಗ್ರಾಫಿಕ್ಸ್ ಕಾರ್ಡನ್ನೇ ಹುಡುಕುತ್ತಾರೆ. ಖರ್ಚಿನ ದೊಡ್ಡ ಪಾಲು ಅದಕ್ಕೇ ಹೋಗುವುದರಿಂದ ಇದು ಸಹಜವೇ. ಆದರೆ ನಾನು ಹೇಳುವುದು ಇದಕ್ಕೆ ತಿರುಗುಮುರುಗು. ಕಾರ್ಡನ್ನು ಕೊನೆಗೆ ಆರಿಸಿ. ಮೊದಲು ನಿಮ್ಮ ಮಾನಿಟರ್ ನೋಡಿ, ಮಾಡುವ ಕೆಲಸ ನೋಡಿ, ಪ್ರೊಸೆಸರ್, ಪವರ್ ಸಪ್ಲೈ, ಕ್ಯಾಬಿನೆಟ್ ನೋಡಿ. ಅಷ್ಟು ನೋಡಿ ಮುಗಿಸುವ ಹೊತ್ತಿಗೆ ನೂರಾರು ಕಾರ್ಡುಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿದಿರುತ್ತವೆ.

ಇದನ್ನು ನಾನು ಕಲಿತದ್ದು ಕೈಯಿಂದ ಹಣ ಕಳೆದುಕೊಂಡು. ನನ್ನ ಮೊದಲ ಯಂತ್ರಕ್ಕೆ ಕೈಗೆಟುಕಿದ ಅತಿ ವೇಗದ ಕಾರ್ಡನ್ನೇ ತಂದಿದ್ದೆ. ಮಾನಿಟರ್ ಮಾತ್ರ ಹಳೆಯದು, 1080ಪಿ, 60 ಹರ್ಟ್ಸ್. ಎರಡು ವರ್ಷ ಆ ಕಾರ್ಡು ಅರ್ಧ ಶಕ್ತಿಯಲ್ಲೇ ಓಡಿತು. ಆಮೇಲೆ ಒಳ್ಳೆಯ ಮಾನಿಟರ್ ಕೊಂಡಾಗ ಹೊಸ ಆಟಗಳಿಗೆ ಆ ಕಾರ್ಡಿನ ಮೆಮೊರಿಯೇ ಸಾಲಲಿಲ್ಲ. ಕೊಟ್ಟ ಹಣಕ್ಕೆ ಸಿಗಬೇಕಾದ ಸುಖ ಒಂದು ದಿನವೂ ಪೂರ್ತಿ ಸಿಗಲಿಲ್ಲ.

ಮೊದಲ ಪ್ರಶ್ನೆ: ಬೇರೆ ಕಾರ್ಡು ಬೇಕೇ ಬೇಕೆ?

ಬರವಣಿಗೆ, ಲೆಕ್ಕಪತ್ರ, ಪ್ರೋಗ್ರಾಮಿಂಗ್, ವಿಡಿಯೊ ನೋಡುವುದು ಇಷ್ಟೇ ಆದರೆ ಬೇಡ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. 4ಕೆ ವಿಡಿಯೊ ಬಿಚ್ಚಿ ತೋರಿಸುವ ಕೆಲಸಕ್ಕೆ ಈಗಿನ ಪ್ರೊಸೆಸರುಗಳಲ್ಲಿ ಪ್ರತ್ಯೇಕ ಭಾಗವೇ ಇರುತ್ತದೆ. ಎಲ್ಲ ಪ್ರೊಸೆಸರಿನಲ್ಲೂ ಗ್ರಾಫಿಕ್ಸ್ ಇರುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದರ್ಥ. ಎಎಂಡಿಯ ರೈಜೆನ್ 5000 ಸರಣಿಯಲ್ಲಿ ‘ಜಿ’ ಅಕ್ಷರವಿರುವ ಡೆಸ್ಕ್‌ಟಾಪ್ ಮಾದರಿಗಳಲ್ಲಿ ಮಾತ್ರ ಅದು ಸಿಗುತ್ತದೆ.

ಆಟ ಆಡುವ ಆಸೆಯಿದ್ದು ಈಗ ಕೈ ಬಿಗಿಯಾಗಿದ್ದರೆ, ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿ ಯಂತ್ರ ಜೋಡಿಸಿಬಿಡಿ, ಕಾರ್ಡನ್ನು ಆರು ತಿಂಗಳು ಬಿಟ್ಟು ಕೊಳ್ಳಿ. ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನ ದೊಡ್ಡ ಅನುಕೂಲವೇ ಇದು. ಅವಸರದಲ್ಲಿ ತೀರಾ ಸಣ್ಣ ಕಾರ್ಡು ಕೊಂಡು ಒಂದೇ ವರ್ಷದಲ್ಲಿ ಬದಲಿಸುವುದಕ್ಕಿಂತ ಕಾಯುವುದು ಲೇಸು. ಮುಂದೆ ಕಾರ್ಡು ಹೋಗಿ ರಿಪೇರಿಗೆ ಕಳಿಸಬೇಕಾಗಿ ಬಂದರೂ ಒಳಗಿನ ಗ್ರಾಫಿಕ್ಸ್ ಇದ್ದರೆ ಕಂಪ್ಯೂಟರ್ ನಿಲ್ಲುವುದಿಲ್ಲ.

ಮಾನಿಟರ್ ಏನು ಕೇಳುತ್ತದೆ?

ಗ್ರಾಫಿಕ್ಸ್ ಕಾರ್ಡಿನ ದುಡಿಮೆಯನ್ನು ಪಿಕ್ಸೆಲ್ ಲೆಕ್ಕದಲ್ಲಿ ನೋಡಿ. 1080ಪಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆ ಪರದೆಯಲ್ಲಿ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಪಿಕ್ಸೆಲ್ ನಾಲ್ಕು ಪಟ್ಟಾದ ಮಾತ್ರಕ್ಕೆ ಕಾರ್ಡಿನ ಕೆಲಸವೂ ತೂಕ ಹಾಕಿದಂತೆ ನಾಲ್ಕು ಪಟ್ಟಾಗುವುದಿಲ್ಲ. ಆದರೂ 1080ಪಿಯಲ್ಲಿ ಸಲೀಸಾಗಿ ಓಡುವ ಕಾರ್ಡು 4ಕೆಯಲ್ಲಿ ಏದುಸಿರು ಬಿಡುವುದೇಕೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇನ್ನೊಂದು ರಿಫ್ರೆಶ್ ದರ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು. 60 ಹರ್ಟ್ಸ್ ಪರದೆಗೆ ಒಂದು ಫ್ರೇಮ್ (ಒಂದು ಬಿಡಿ ಚಿತ್ರ) ಸಿದ್ಧಪಡಿಸಲು ಕಾರ್ಡಿಗೆ 16.7 ಮಿಲಿಸೆಕೆಂಡ್ ಸಮಯವಿದೆ. 144 ಹರ್ಟ್ಸ್ ಆದರೆ 6.9 ಮಿಲಿಸೆಕೆಂಡ್ ಮಾತ್ರ. ಆ ಕಿರಿದಾದ ಗಡುವಿನಲ್ಲಿ ಕಾರ್ಡಷ್ಟೇ ಅಲ್ಲ, ಪ್ರೊಸೆಸರ್ ಕೂಡ ತನ್ನ ಪಾಲಿನ ಕೆಲಸ ಮುಗಿಸಬೇಕು.

ಮಾನಿಟರ್ ಇನ್ನೂ ಕೊಂಡಿಲ್ಲವಾದರೆ ಎರಡಕ್ಕೂ ಸೇರಿಸಿ ಒಂದೇ ಲೆಕ್ಕ ಹಾಕಿ. ನನ್ನ ಅನುಭವದಲ್ಲಿ ಹೆಚ್ಚಿನವರಿಗೆ ಒಪ್ಪುವುದು 27 ಇಂಚಿನ 1440ಪಿ ಪರದೆ, ಜೊತೆಗೆ ಮಧ್ಯಮ ದರ್ಜೆಯ ಕಾರ್ಡು. ಕಾರ್ಡಿಗೆ ಎಲ್ಲ ಹಣ ಸುರಿದು ಮಂಕಾದ ಪರದೆ ನೋಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ಕಣ್ಣು ನೋಡುವುದು ಪರದೆಯನ್ನು. ಫ್ರೀಸಿಂಕ್ (ಎಎಂಡಿಯದು) ಅಥವಾ ಜಿ-ಸಿಂಕ್ (ಎನ್‌ವಿಡಿಯಾದ್ದು) ಇರುವ ಮಾನಿಟರನ್ನೇ ಆರಿಸಿ. ಫ್ರೇಮ್ ದರ ಏರುಪೇರಾದಾಗ ಪರದೆಯೇ ಕಾರ್ಡಿನ ಹೆಜ್ಜೆಗೆ ಹೆಜ್ಜೆ ಹಾಕುವುದರಿಂದ ಚಿತ್ರ ಹರಿದಂತೆ ಕಾಣುವುದಿಲ್ಲ, 50 ಫ್ರೇಮ್ ಕೂಡ ಹಿತವಾಗಿರುತ್ತದೆ. 2019ರಿಂದ ಎನ್‌ವಿಡಿಯಾ ಕಾರ್ಡುಗಳು ಫ್ರೀಸಿಂಕ್ ಮಾದರಿಯ ಅನೇಕ ಪರದೆಗಳೊಂದಿಗೂ ಕೆಲಸ ಮಾಡುತ್ತವೆ. ಹಾಗಾಗಿ ಪರದೆಯ ಮೇಲಿನ ಮುದ್ರೆಗೆ ಕಟ್ಟುಬಿದ್ದು ಕಾರ್ಡು ಆರಿಸಬೇಕಿಲ್ಲ.

ಕೆಲಸ ಯಾವುದು?

ಸ್ಪರ್ಧಾತ್ಮಕ ಆನ್‌ಲೈನ್ ಶೂಟರ್ ಆಟಗಳು ಹಗುರ. ಅಲ್ಲಿ ಪ್ರೊಸೆಸರ್ ಮತ್ತು ಪರದೆಯ ವೇಗಕ್ಕೆ ಬೆಲೆ ಹೆಚ್ಚು. ಕಥೆಯಿರುವ ದೊಡ್ಡ ಆಟಗಳು, ಅದರಲ್ಲೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಇರುವವು, ಕಾರ್ಡನ್ನೂ ಅದರ ಮೆಮೊರಿಯನ್ನೂ ಹಿಂಡುತ್ತವೆ. ನೀವು ನಿಜವಾಗಿ ಆಡುವ ಐದು ಆಟಗಳ ಹೆಸರು ಕಾಗದದಲ್ಲಿ ಬರೆದುಕೊಳ್ಳಿ. ಮುಂದೆ ಪರೀಕ್ಷೆಯ ಅಂಕಿ ನೋಡುವಾಗ ಆ ಐದನ್ನೇ ನೋಡಿ.

ವಿಡಿಯೊ ಸಂಕಲನ ಮಾಡುವವರು ಕಾರ್ಡಿನ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಬರೆಯುವ ಭಾಗ) ವಿಚಾರಿಸಬೇಕು. ಎವಿ1 ಎಂಬ ಕುಗ್ಗಿಸಿದ ರೂಪದಲ್ಲಿ ವಿಡಿಯೊ ಬರೆಯಬಲ್ಲ ಯಂತ್ರಾಂಶ ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯಿಂದ, ಎಎಂಡಿಯ ಆರ್‌ಎಕ್ಸ್ 7000 ಸರಣಿಯಿಂದ ಬಂದಿದೆ. ಇಂಟೆಲ್ ಆರ್ಕ್ ಕಾರ್ಡುಗಳಲ್ಲಿ ಮೊದಲ ಪೀಳಿಗೆಯಿಂದಲೇ ಇದೆ. ಇದಕ್ಕೆ ತದ್ವಿರುದ್ಧ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ. 2022ರಲ್ಲಿ ಬಂದ ಕಾರ್ಡಾದರೂ ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ. ಆಟವನ್ನು ಧ್ವನಿಮುದ್ರಣ ಸಮೇತ ರೆಕಾರ್ಡ್ ಮಾಡಬೇಕೆನ್ನುವವರು ಅದನ್ನು ಕೊಂಡರೆ ಭಾರವೆಲ್ಲ ಪ್ರೊಸೆಸರಿನ ತಲೆಗೆ.

ಬ್ಲೆಂಡರ್‌ನಂಥ ತ್ರಿಡಿ ತಂತ್ರಾಂಶಗಳಲ್ಲಿ ರೆಂಡರ್ ಮಾಡುವವರಿಗೆ ಎನ್‌ವಿಡಿಯಾ ಇಂದಿಗೂ ಸುಲಭದ ದಾರಿ. ಅದರ ಕಾರ್ಡುಗಳಿಂದ ಲೆಕ್ಕದ ಕೆಲಸ ಮಾಡಿಸುವ ವೇದಿಕೆ ಕುಡಾ 2007ರಿಂದ ಬೆಳೆದು ಬಂದಿದೆ, ತಂತ್ರಾಂಶ ಬರೆಯುವವರು ಮೊದಲು ಅದಕ್ಕೇ ಬರೆಯುತ್ತಾರೆ. ಭಾಷಾ ಮಾದರಿಗಳನ್ನು (ಕೇಳಿದ್ದಕ್ಕೆ ಬರಹದಲ್ಲಿ ಉತ್ತರಿಸುವ ಎಐ) ಸ್ವಂತ ಯಂತ್ರದಲ್ಲಿ ಓಡಿಸುವ ಹುಮ್ಮಸ್ಸಿದ್ದರೆ ಲೆಕ್ಕ ಇನ್ನೂ ಸರಳ. 700 ಕೋಟಿ ನಿಯತಾಂಕಗಳ ಮಾದರಿಯೊಂದು 16 ಬಿಟ್ ನಿಖರತೆಯಲ್ಲಿ ಸುಮಾರು 14 ಜಿಬಿ ಜಾಗ ಕೇಳುತ್ತದೆ. ಅದನ್ನೇ 4 ಬಿಟ್‌ಗೆ ಇಳಿಸಿದರೆ ಮೂರೂವರೆ ಜಿಬಿ, ಮೇಲೆ ಕೆಲಸ ಮಾಡಲು ಇನ್ನಷ್ಟು ಜಾಗ ಬೇಕು. ಇಲ್ಲಿ ಕಾರ್ಡಿನ ವೇಗಕ್ಕಿಂತ ಮೆಮೊರಿ ಎಷ್ಟಿದೆ ಎಂಬುದೇ ಮೊದಲ ಮಾತು. ಮಾದರಿ ಹಿಡಿಸದಿದ್ದರೆ ವೇಗದ ಕಾರ್ಡೂ ತೆವಳುತ್ತದೆ.

ಲಿನಕ್ಸ್ ಬಳಸುವವರಿಗೆ ಎಎಂಡಿ ಮತ್ತು ಇಂಟೆಲ್ ಡ್ರೈವರುಗಳು (ಕಾರ್ಡನ್ನು ನಡೆಸುವ ತಂತ್ರಾಂಶ) ಕರ್ನಲ್, ಅಂದರೆ ಲಿನಕ್ಸಿನ ತಿರುಳಿನೊಂದಿಗೇ ಬರುತ್ತವೆ. ಆ ನೆಮ್ಮದಿಗೂ ಬೆಲೆಯಿದೆ.

ಮೆಮೊರಿ: ಇಲ್ಲಿ ಸ್ವಲ್ಪ ನಿಲ್ಲೋಣ

ಕಾರ್ಡು ಕೊಂಡು ಎರಡು ವರ್ಷಕ್ಕೆ ಪಶ್ಚಾತ್ತಾಪ ಪಟ್ಟವರನ್ನು ಕೇಳಿದರೆ ಬಹುಪಾಲು ಉತ್ತರ ಒಂದೇ: ಮೆಮೊರಿ ಸಾಲಲಿಲ್ಲ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಆಟದ ಚಿತ್ರಗಳು, ಮೇಲ್ಮೈಗಳ ವಿವರಗಳು, ನೆರಳಿನ ಲೆಕ್ಕ ಎಲ್ಲವೂ ಕಾರ್ಡಿನ ಸ್ವಂತ ಮೆಮೊರಿಯಲ್ಲಿರಬೇಕು. ಆರ್‌ಟಿಎಕ್ಸ್ 4060 ಕಾರ್ಡಿನ ಮೆಮೊರಿ ಸೆಕೆಂಡಿಗೆ 272 ಜಿಬಿ ವೇಗದಲ್ಲಿ ಚಿಪ್ಪಿಗೆ ಮಾಹಿತಿ ಉಣಿಸುತ್ತದೆ. ಅದರಲ್ಲಿರುವ 8 ಜಿಬಿ ತುಂಬಿತೆನ್ನಿ. ಉಳಿದದ್ದು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ತರಬೇಕಾದರೆ ಪಿಸಿಐಇ, ಅಂದರೆ ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿಯಲ್ಲಿ ಬರಬೇಕು. ಈ ಕಾರ್ಡು ಬಳಸುವುದು ಆ ದಾರಿಯ ಎಂಟು ಲೇನ್ (ಸಾಲು) ಮಾತ್ರ, ಪಿಸಿಐಇ 4.0 ಆದರೆ ಸೆಕೆಂಡಿಗೆ ಸುಮಾರು 16 ಜಿಬಿ, ಹಳೆಯ 3.0 ಮದರ್‌ಬೋರ್ಡಿನಲ್ಲಾದರೆ ಸುಮಾರು 8 ಜಿಬಿ. ಹೆದ್ದಾರಿಯಲ್ಲಿ ಬರುತ್ತಿದ್ದ ಸರಕು ಕಾಲುದಾರಿಗೆ ಬಿದ್ದಂತೆ. ನೀವು ಬಾಗಿಲು ತೆರೆದು ಹೊಸ ಕೋಣೆಗೆ ಕಾಲಿಡುತ್ತಿದ್ದಂತೆ ಆಟ ಅರೆಕ್ಷಣ ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ.

ಇದರಲ್ಲಿ ಕಣ್ಣುತಪ್ಪಿಸುವ ಒಂದು ಸಂಗತಿಯಿದೆ. ಸರಾಸರಿ ಫ್ರೇಮ್ ದರ ಚೆನ್ನಾಗಿಯೇ ಕಾಣಬಹುದು. ಇನ್ನು ಕೆಲವು ಆಟಗಳು ತಡವರಿಸುವುದಿಲ್ಲ, ಬದಲಿಗೆ ಸದ್ದಿಲ್ಲದೆ ಚಿತ್ರದ ವಿವರ ಇಳಿಸಿಬಿಡುತ್ತವೆ. ಗೋಡೆ, ಬಟ್ಟೆ, ಮುಖ ಎಲ್ಲ ಮಸುಕು. ಅಂಕಿ ಮಾತ್ರ ಚೊಕ್ಕ. ಆದ್ದರಿಂದ ಬರೀ ಪಟ್ಟಿಯ ಅಂಕಿ ನೋಡಿ 8 ಜಿಬಿ ಸಾಕೆಂದು ತೀರ್ಮಾನಿಸಬೇಡಿ.

ಇಂಥ ಪಾಡು ಬಂದ ಕಾರ್ಡುಗಳಲ್ಲಿ ಎರಡು ಉದಾಹರಣೆ ಹೇಳಬಹುದು. 2014ರ ಜಿಟಿಎಕ್ಸ್ 970 ಕಾರ್ಡಿನಲ್ಲಿ 4 ಜಿಬಿ ಇತ್ತು, ಆದರೆ ಅದರಲ್ಲಿ ಮೂರೂವರೆ ಜಿಬಿ ಮಾತ್ರ ಪೂರ್ಣ ವೇಗದ್ದು, ಉಳಿದ ಅರ್ಧ ಜಿಬಿ ತೀರಾ ನಿಧಾನ. 2015ರ ಆರಂಭದಲ್ಲಿ ಅದು ಬೆಳಕಿಗೆ ಬಂದು ದೊಡ್ಡ ಗದ್ದಲವಾಯಿತು. ಇನ್ನೊಂದು ಆಗಲೇ ಹೇಳಿದ ಆರ್‌ಎಕ್ಸ್ 6500 ಎಕ್ಸ್‌ಟಿ. ಮೆಮೊರಿ 4 ಜಿಬಿ, ಪಿಸಿಐಇ ಲೇನ್ ನಾಲ್ಕೇ. ಮೆಮೊರಿ ತುಂಬುವುದೂ ಬೇಗ, ತುಂಬಿದಾಗ ತರುವ ದಾರಿಯೂ ಕಿರಿದು. ಹಳೆಯ ಮದರ್‌ಬೋರ್ಡಿಗೆ ಅಗ್ಗದ ಕಾರ್ಡು ಹುಡುಕುವವರೇ ಅದನ್ನು ಕೊಳ್ಳುತ್ತಿದ್ದರು, ಹೆಚ್ಚು ನೊಂದವರೂ ಅವರೇ.

ಹಾಗಾದರೆ ಎಷ್ಟು ಬೇಕು? 1080ಪಿ ಪರದೆಯಲ್ಲಿ ಹಗುರ ಆಟಗಳಿಗೆ 8 ಜಿಬಿ ಸಾಕು, ಹೊಸ ದೊಡ್ಡ ಆಟಗಳಿಗಾದರೆ ಟೆಕ್ಸ್ಚರ್ (ಮೇಲ್ಮೈ ವಿವರ) ಗುಣಮಟ್ಟ ಇಳಿಸಲು ಮನಸ್ಸು ಗಟ್ಟಿಮಾಡಿಕೊಂಡಿರಬೇಕು. 1440ಪಿಗೆ 12 ಜಿಬಿಗಿಂತ ಕೆಳಗೆ ಇಳಿಯಬೇಡಿ. ನಾಲ್ಕೈದು ವರ್ಷ ಬಾಳಬೇಕೆಂದರೆ, ಅಥವಾ 4ಕೆ ಆಡಬೇಕೆಂದರೆ 16 ಜಿಬಿ. ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿ ಎರಡೂ ಸಿಗುವ ಕಾರ್ಡುಗಳಿವೆ: ಆರ್‌ಟಿಎಕ್ಸ್ 4060 ಟಿಐ, 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ. ಇವುಗಳಲ್ಲಿ 16 ಜಿಬಿಯದನ್ನೇ ತೆಗೆದುಕೊಳ್ಳಿ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಗುಣಮಟ್ಟದ ಸೆಟ್ಟಿಂಗ್ ಇಳಿಸಿ ಚಿಪ್ಪಿನ ಕೊರತೆ ತುಂಬಿಕೊಳ್ಳಬಹುದು, ಬೆಸುಗೆ ಹಾಕಿದ ಮೆಮೊರಿಯನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ.

ಮೆಮೊರಿ ಹೆಚ್ಚಿದ್ದ ಮಾತ್ರಕ್ಕೆ ಕಾರ್ಡು ಬಲಶಾಲಿ ಅಂತಲ್ಲ. 12 ಜಿಬಿಯ ಆರ್‌ಟಿಎಕ್ಸ್ 3060ಕ್ಕಿಂತ 8 ಜಿಬಿಯ 4060, ಮೆಮೊರಿ ಸಾಲುವವರೆಗೂ ವೇಗವೇ. ಹೆಚ್ಚು ಮೆಮೊರಿ ಇರುವುದು ನೆಲ ವಿಶಾಲವಾಗಿದ್ದಂತೆ. ಉಳುವ ಎತ್ತೂ ಗಟ್ಟಿಯಾಗಿರಬೇಕು.

ಹೆಸರನ್ನು ಓದುವುದು

ಆರ್‌ಟಿಎಕ್ಸ್ 4070 ಎಂದರೆ 40 ಪೀಳಿಗೆ, 70 ದರ್ಜೆ. ಪೀಳಿಗೆ ಹೊಸದಾದರೆ ವೇಗ ಹೆಚ್ಚೆಂದು ಕಣ್ಣುಮುಚ್ಚಿ ನಂಬಬಾರದು. 4060 ಟಿಐ ಬಂದಾಗ ಹಿಂದಿನ 3060 ಟಿಐಗಿಂತ ಅದು ಮುಂದೆ ಹೋದದ್ದು ಅಲ್ಪವೇ. ಹಳೆಯ ಮೇಲ್ದರ್ಜೆಯ ಕಾರ್ಡು ಹೊಸ ಕೆಳದರ್ಜೆಯದನ್ನು ಸೋಲಿಸುವುದು ಮಾಮೂಲು.

ಇನ್ನೂ ಎಚ್ಚರವಿರಬೇಕಾದದ್ದು ಒಂದೇ ಹೆಸರಿನ ಬೇರೆ ಬೇರೆ ಕಾರ್ಡುಗಳ ವಿಷಯದಲ್ಲಿ. 2016ರ ಜಿಟಿಎಕ್ಸ್ 1060 ಎರಡು ಬಗೆಯಲ್ಲಿ ಬಂತು. 3 ಜಿಬಿಯದರಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) ಕಡಿಮೆ, 1280ರ ಬದಲು 1152. ಆರ್‌ಟಿಎಕ್ಸ್ 3050 ಮೊದಲು 8 ಜಿಬಿಯಾಗಿ ಬಂತು. 2024ರಲ್ಲಿ ಬಂದ 6 ಜಿಬಿಯ 3050 ಕೋರ್, ಬಸ್ ಅಗಲ (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯ ಅಗಲ) ಎಲ್ಲದರಲ್ಲೂ ಕಿರಿಯ. ಜಿಟಿ 1030 ಕಾರ್ಡಿನ ಕಥೆ ಎಲ್ಲಕ್ಕಿಂತ ಕೆಟ್ಟದ್ದು: ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ, ಆಮೇಲೆ ಬಂದ ಡಿಡಿಆರ್4 ಮೆಮೊರಿಯದು ಸುಮಾರು 17 ಜಿಬಿ. ಪೆಟ್ಟಿಗೆಯ ಮೇಲೆ ಹೆಸರು ಮಾತ್ರ ಅದೇ. 2022ರಲ್ಲಿ ಆರ್‌ಟಿಎಕ್ಸ್ 4080 ಹೆಸರಿನಲ್ಲಿ 12 ಜಿಬಿಯ ಬೇರೆಯೇ ಚಿಪ್ಪಿನ ಕಾರ್ಡೊಂದನ್ನು ಘೋಷಿಸಿದಾಗ ಟೀಕೆ ಎಷ್ಟಾಯಿತೆಂದರೆ ಎನ್‌ವಿಡಿಯಾ ಅದನ್ನು ಹಿಂತೆಗೆದುಕೊಂಡು ಮುಂದಿನ ವರ್ಷ 4070 ಟಿಐ ಎಂದು ಮಾರಿತು. ಹಾಗಾಗಿ ಕೊಳ್ಳುವ ಮುನ್ನ ಪೂರ್ತಿ ಹೆಸರು, ಮೆಮೊರಿ ಪ್ರಮಾಣ, ಮೆಮೊರಿಯ ಬಗೆ ಮೂರನ್ನೂ ಹೊಂದಿಸಿ ನೋಡಿ.

ಬಸ್ ಅಗಲವನ್ನೇ ಹಿಡಿದು ಜಗಳಕ್ಕಿಳಿಯುವವರಿದ್ದಾರೆ. 3060 ಟಿಐನದು 256 ಬಿಟ್, 4060 ಟಿಐನದು 128 ಬಿಟ್. ಆದರೆ ಹೊಸದರಲ್ಲಿ ಚಿಪ್ಪಿನೊಳಗಿನ ಎಲ್2 ಕ್ಯಾಶ್ (ತಕ್ಷಣ ಬೇಕಾದ ಮಾಹಿತಿ ಇಡುವ ಪುಟ್ಟ, ವೇಗದ ಮೆಮೊರಿ) 4 ಎಂಬಿಯಿಂದ 32 ಎಂಬಿಗೆ ಏರಿದೆ, ಹೊರಗಿನ ಮೆಮೊರಿಗೆ ಹೋಗುವ ಓಡಾಟವೇ ಕಡಿಮೆ. 1080ಪಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ರೆಸಲ್ಯೂಶನ್ (ಪಿಕ್ಸೆಲ್ ಸಂಖ್ಯೆ) ಏರಿದಂತೆ ಕ್ಯಾಶ್ ಸಾಲದೆ ಸೊರಗುತ್ತದೆ. ಒಂದೇ ಅಂಕಿ ಹಿಡಿದು ಎರಡು ಪೀಳಿಗೆಗಳನ್ನು ಹೋಲಿಸಲಾಗದು ಎನ್ನುವುದಕ್ಕೆ ಇಷ್ಟು ಸಾಕು.

ಮೂರು ಕಂಪನಿ, ಹತ್ತಾರು ಪೆಟ್ಟಿಗೆ

ಚಿಪ್ ಮಾಡುವವರು ಎನ್‌ವಿಡಿಯಾ, ಎಎಂಡಿ, ಇಂಟೆಲ್. ಅದೇ ಚಿಪ್ಪಿಗೆ ಬೋರ್ಡು, ಫ್ಯಾನು ಜೋಡಿಸಿ ಮಾರುವವರು ಬೇರೆ ಬೇರೆ. ಒಂದೇ ಚಿಪ್ಪಿನ ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ವೇಗದಲ್ಲಿ ವ್ಯತ್ಯಾಸ ಬಹಳ ಸಣ್ಣದು. ಹೆಚ್ಚು ಹಣಕ್ಕೆ ಸಿಗುವುದು ತಂಪು, ನಿಶ್ಶಬ್ದ ಮತ್ತು ಬೆಳಕಿನ ಅಲಂಕಾರ. ದುಬಾರಿ ಮಾದರಿಯ ಬೆಲೆ ಮೇಲಿನ ದರ್ಜೆಯ ಚಿಪ್ಪಿನ ಸಾದಾ ಮಾದರಿಯ ಹತ್ತಿರ ಹೋದರೆ ಯೋಚಿಸದೆ ಮೇಲಿನ ಚಿಪ್ಪನ್ನೇ ಆರಿಸಿ.

ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಇವು ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸುವ ತಂತ್ರಗಳು. ನನ್ನ ಕಣ್ಣಿಗೆ ಡಿಎಲ್‌ಎಸ್‌ಎಸ್ ಬಹುಕಾಲ ಮುಂದಿತ್ತು. ಎಎಂಡಿಯ ಎಫ್‌ಎಸ್‌ಆರ್ 4 ಆ ಅಂತರವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ, ಎಎಂಡಿ ಅದನ್ನು ತಂದದ್ದು 2025ರ ಆರ್‌ಎಕ್ಸ್ 9000 ಸರಣಿಗೆ. 1440ಪಿ, 4ಕೆ ಪರದೆಗಳಲ್ಲಿ ಇವುಗಳನ್ನು ಧೈರ್ಯವಾಗಿ ಬಳಸಿ. 1080ಪಿಯಲ್ಲಿ ಮೂಲ ಚಿತ್ರವೇ ಚಿಕ್ಕದಾದ್ದರಿಂದ ಮಸುಕು ಬೇಗ ಕಾಣುತ್ತದೆ.

ಫ್ರೇಮ್ ಜನರೇಶನ್ ಮಾತ್ರ ಬೇರೆಯೇ ಸಂಗತಿ. ಎರಡು ನಿಜ ಫ್ರೇಮುಗಳ ನಡುವೆ ಊಹಿಸಿದ ಫ್ರೇಮುಗಳನ್ನು ತೂರಿಸುವುದು ಅದರ ಕೆಲಸ. ಚಲನೆ ನಯವಾಗುತ್ತದೆ, ಮೌಸ್ ಅಲುಗಿಸಿದ್ದಕ್ಕೆ ಪರದೆ ಓಗೊಡುವ ವೇಗ ಮಾತ್ರ ಹೆಚ್ಚುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಮೊದಲೇ 60ರ ಆಸುಪಾಸು ನಿಜ ಫ್ರೇಮುಗಳಿದ್ದರೆ ಅದು ಸೊಗಸು. 25 ಫ್ರೇಮುಗಳನ್ನು 100 ಎಂದು ತೋರಿಸಿದರೆ ಕೈಗೆ ಅಂಟು ಹತ್ತಿದಂತಿರುತ್ತದೆ. ಕಂಪನಿಗಳು ಹೊಸ ಕಾರ್ಡು ಎರಡು ಪಟ್ಟು, ಮೂರು ಪಟ್ಟು ವೇಗ ಎಂದು ಚಿತ್ರಪಟ ತೋರಿಸುವಾಗ ಕೆಳಗಿನ ಸಣ್ಣಕ್ಷರ ಓದಿ. ಈ ಊಹೆಯ ಫ್ರೇಮುಗಳನ್ನು ಸೇರಿಸಿ ಎಣಿಸಿರುವುದೇ ಹೆಚ್ಚು.

ಇಂಟೆಲ್ ಆರ್ಕ್ ಬಿ580 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದೆ, ಕಡಿಮೆ ಖರ್ಚಿನವರು ಗಮನಿಸತಕ್ಕದ್ದು. ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಮೆಮೊರಿಯನ್ನೆಲ್ಲ ಒಮ್ಮೆಗೇ ತಲುಪಲು ಬಿಡುವ ಸೌಲಭ್ಯ) ಇರಲೇಬೇಕು, ಇಲ್ಲದಿದ್ದರೆ ವೇಗ ಕುಸಿಯುತ್ತದೆ. ಹಳೆಯ, ಸಣ್ಣ ಪ್ರೊಸೆಸರಿಗೂ ಅದು ಒಗ್ಗುವುದಿಲ್ಲ. ಹಳೆಯ ಯಂತ್ರಕ್ಕೆ ಹಾಕುವುದಾದರೆ ಬೇರೆ ನೋಡಿ.

ಪ್ರೊಸೆಸರ್ ಜೊತೆಗೆ ಹೊಂದಾಣಿಕೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಬಾರದು ಈ ಜೋಡಿ. ಪ್ರತಿ ಫ್ರೇಮಿಗೂ ಏನು ಬಿಡಿಸಬೇಕೆಂದು ಪ್ರೊಸೆಸರ್ ಹೇಳಬೇಕು, ಕಾರ್ಡು ಬಿಡಿಸಬೇಕು. ಪ್ರೊಸೆಸರ್ ಸೆಕೆಂಡಿಗೆ 70 ಫ್ರೇಮಿಗಷ್ಟೇ ಸಿದ್ಧತೆ ಮಾಡಬಲ್ಲದಾದರೆ ಎಂಥ ಕಾರ್ಡು ಹಾಕಿದರೂ 70 ದಾಟದು.

ಈಗಾಗಲೇ ಯಂತ್ರವಿದ್ದು ಕಾರ್ಡು ಮಾತ್ರ ಬದಲಿಸುವವರು ಹೀಗೆ ಪರೀಕ್ಷಿಸಿ. ನೀವು ಆಡುವ ಆಟದಲ್ಲಿ ರೆಸಲ್ಯೂಶನ್ ಒಂದು ಮೆಟ್ಟಿಲು ಇಳಿಸಿ. ಫ್ರೇಮ್ ದರ ಜಿಗಿದರೆ ಕಾರ್ಡೇ ತಡೆ, ಹೊಸದು ತಂದರೆ ಫಲವಿದೆ. ಇದ್ದಲ್ಲೇ ಇದ್ದರೆ ತಡೆಯಿರುವುದು ಪ್ರೊಸೆಸರಿನಲ್ಲಿ. ಐದು ನಿಮಿಷದ ಕೆಲಸ, ಇದೊಂದನ್ನು ಮಾಡದೆ ಕಾರ್ಡು ಕೊಳ್ಳಬೇಡಿ.

ವಿದ್ಯುತ್: ಇಲ್ಲಿ ಉಳಿತಾಯ ಬೇಡ

ಪಿಸಿಐಇ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಪವರ್ ಸಪ್ಲೈನಿಂದ ನೇರ ಕೇಬಲ್ ಬರಬೇಕು. ಆರು ಪಿನ್ನಿನದು 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್, ಹೊಸ ಹದಿನಾರು ಪಿನ್ನಿನದು 600 ವ್ಯಾಟ್ ತನಕ. ಕಾರ್ಡುಗಳ ಹಸಿವಿನ ಅಂತರ ನೋಡಿ: ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, 4070ಕ್ಕೆ 200, 4090ಕ್ಕೆ 450, 5090ಕ್ಕೆ 575.

ಲೆಕ್ಕ ಹೀಗೆ ಹಾಕಿ. ಕಾರ್ಡಿನ ವ್ಯಾಟ್, ಪ್ರೊಸೆಸರ್ ಪೂರ್ಣ ಭಾರದಲ್ಲಿ ಎಳೆಯುವ ವ್ಯಾಟ್, ಉಳಿದದ್ದಕ್ಕೆ 75. ಈ ಮೊತ್ತದ ಮೇಲೆ ಅರ್ಧದಷ್ಟು ಸೇರಿಸಿ. 200 ವ್ಯಾಟ್ ಕಾರ್ಡು, 125 ವ್ಯಾಟ್ ಪ್ರೊಸೆಸರ್ ಇದ್ದರೆ ಒಟ್ಟು 400, ಹಾಗಾಗಿ 600 ಅಥವಾ 650 ವ್ಯಾಟ್‌ನದು ಸರಿ. ಇಷ್ಟು ಸಡಿಲ ಏಕೆಂದರೆ ಕಾರ್ಡುಗಳು ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ವಿದ್ಯುತ್ ಎಳೆದುಬಿಡುತ್ತವೆ. ಪವರ್ ಸಪ್ಲೈ ಅಂಚಿನಲ್ಲಿದ್ದರೆ ಆಟದ ನಡುವೆ ಯಂತ್ರ ತಟಕ್ಕನೆ ಆರಿಹೋಗುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮವು ಈ ಕ್ಷಣಿಕ ಏರಿಕೆಗಳನ್ನು ತಾಳಲೆಂದೇ ರೂಪಿಸಿದ್ದು.

ಕೇಬಲ್ ವಿಷಯದಲ್ಲಿ ಎರಡು ಮಾತು ಪಾಲಿಸಲೇಬೇಕು. ಕಾರ್ಡಿನಲ್ಲಿ ಎರಡು ಎಂಟು ಪಿನ್ ಕಿಂಡಿಗಳಿದ್ದರೆ ಪವರ್ ಸಪ್ಲೈನಿಂದ ಎರಡು ಬೇರೆ ಕೇಬಲ್ ತನ್ನಿ, ಒಂದೇ ಕೇಬಲ್ಲಿನ ಕವಲನ್ನು ಎರಡಕ್ಕೂ ಚುಚ್ಚಬೇಡಿ. ಮತ್ತು ಬಿಚ್ಚಿ ಹಾಕಬಹುದಾದ ಕೇಬಲ್‌ಗಳನ್ನು ಒಂದು ಪವರ್ ಸಪ್ಲೈನಿಂದ ಇನ್ನೊಂದಕ್ಕೆ ಎಂದೂ ಬದಲಿಸಬೇಡಿ. ಕಾರ್ಡಿನ ಕಡೆಯ ತುದಿ ಎಲ್ಲದರಲ್ಲೂ ಒಂದೇ, ಪವರ್ ಸಪ್ಲೈ ಕಡೆಯ ತುದಿಯಲ್ಲಿ ತಂತಿಗಳ ಕ್ರಮಕ್ಕೆ ಏಕರೂಪವಿಲ್ಲ. ಸರಿಯಾಗಿ ಕೂತಂತೆ ಕಂಡರೂ ತಪ್ಪು ವೋಲ್ಟೇಜ್ ಹೋಗಿ ಹೊಸ ಕಾರ್ಡು ಕ್ಷಣದಲ್ಲಿ ಸುಟ್ಟುಹೋಗಬಹುದು.

ಹದಿನಾರು ಪಿನ್ನಿನ ಕನೆಕ್ಟರ್ ಕರಗಿದ ಪ್ರಕರಣಗಳು 2022ರ ಕೊನೆಯಲ್ಲಿ 4090 ಕಾರ್ಡುಗಳಲ್ಲಿ ಕಾಣಿಸಿಕೊಂಡವು. ಪೂರ್ತಿ ಒಳಗೆ ಕೂರದಿರುವುದು ಅದಕ್ಕೊಂದು ಮುಖ್ಯ ಕಾರಣ. ಆಮೇಲೆ ಕನೆಕ್ಟರಿನ ವಿನ್ಯಾಸ ತಿದ್ದಿದರು. ಈಗಲೂ ಒತ್ತಿ ಕೂರಿಸಿ, ಸಂದು ಉಳಿದಿಲ್ಲವೆಂದು ಬೆಳಕು ಬಿಟ್ಟು ನೋಡಿ, ಕನೆಕ್ಟರಿನ ಬುಡದಲ್ಲೇ ಕೇಬಲ್ ಬಗ್ಗಿಸದೆ ಮೂರೂವರೆ ಸೆಂಟಿಮೀಟರ್ ನೇರ ಬಿಡಿ.

ಕ್ಯಾಬಿನೆಟ್ ಅಳತೆ

ಟೇಪು ಹಿಡಿದು ಅಳೆಯಿರಿ. ಕ್ಯಾಬಿನೆಟ್ ತಯಾರಕರು ಹೇಳುವ ಕಾರ್ಡಿನ ಗರಿಷ್ಠ ಉದ್ದ ಬಹಳ ಸಲ ಮುಂಭಾಗ ಖಾಲಿಯಿದ್ದಾಗಿನದು. ಅಲ್ಲೊಂದು ಸಾಮಾನ್ಯ ಫ್ಯಾನ್ ಇದ್ದರೆ 25 ಮಿಲಿಮೀಟರ್ ಕಳೆಯಿರಿ, ನೀರಿನ ರೇಡಿಯೇಟರ್ ಕೂಡ ಇದ್ದರೆ 50ಕ್ಕೂ ಹೆಚ್ಚು. ನಾನು ಒಮ್ಮೆ ಈ ಕಳೆಯುವ ಲೆಕ್ಕ ಬಿಟ್ಟು ಕಾರ್ಡು ತಂದು, ಅದು ಒಂದು ಬೆರಳಿನಷ್ಟು ಅಂತರದಲ್ಲಿ ಹಿಡಿಸದೆ ಇಡೀ ಕ್ಯಾಬಿನೆಟ್ ಬಿಚ್ಚಿ ಫ್ಯಾನುಗಳನ್ನು ಮೇಲಕ್ಕೆ ಸಾಗಿಸಬೇಕಾಯಿತು. ದಪ್ಪವನ್ನೂ ನೋಡಿ. ಎರಡು ಸ್ಲಾಟ್ ಎಂದು ಬರೆದಿರುವ ಎಷ್ಟೋ ಕಾರ್ಡು ಎರಡೂವರೆ ಸ್ಲಾಟ್ ನುಂಗುತ್ತವೆ. ಪಕ್ಕದ ಗಾಜಿಗೂ ಕಾರ್ಡಿಗೂ ನಡುವೆ ಕೇಬಲ್ ಬಾಗಲು ಜಾಗ ಬೇಕು. ಭಾರದ ಕಾರ್ಡಿಗೆ ಕೆಳಗಿನಿಂದ ಒಂದು ಊರುಗೋಲು ಕೊಡಿ.

ಕಿಂಡಿಗಳನ್ನೂ ಒಮ್ಮೆ ನೋಡಿಬಿಡಿ. 4ಕೆ 120 ಹರ್ಟ್ಸ್ ಪೂರ್ಣ ಬಣ್ಣದಲ್ಲಿ ಬೇಕಾದರೆ ಎಚ್‌ಡಿಎಂಐ 2.1 ಅಥವಾ ಡಿಸ್‌ಪ್ಲೇಪೋರ್ಟ್ 1.4 ಬೇಕು. ಎಚ್‌ಡಿಎಂಐ 2.0 ಆದರೆ 4ಕೆಯಲ್ಲಿ 60ಕ್ಕೇ ನಿಲ್ಲುತ್ತದೆ. ಹಳೆಯ ವಿಜಿಎ ಮಾನಿಟರಿಗೆ ಈಗಿನ ಕಾರ್ಡುಗಳಿಂದ ನೇರ ಸಂಕೇತ ಸಿಗುವುದಿಲ್ಲ, ಒಳಗೆ ಚಿಪ್ ಇರುವ ಪರಿವರ್ತಕ ಬೇಕು.

ಪರೀಕ್ಷೆಯ ಅಂಕಿಗಳನ್ನು ಓದುವಾಗ

ಈಗ ನಿಮ್ಮ ಕೈಯಲ್ಲಿ ಮೂರ್ನಾಲ್ಕು ಹೆಸರು ಉಳಿದಿವೆ. ಕಾಗದದಲ್ಲಿ ಬರೆದ ಐದು ಆಟ, ನಿಮ್ಮ ರೆಸಲ್ಯೂಶನ್, ಅಷ್ಟರಲ್ಲೇ ಹೋಲಿಸಿ. ಸರಾಸರಿಯ ಪಕ್ಕದಲ್ಲಿ ‘ಶೇಕಡಾ 1 ಕನಿಷ್ಠ’ ಎಂಬ ಅಂಕಿಯಿರುತ್ತದೆ, ಆಟ ಎಡವುವ ಗಳಿಗೆಗಳನ್ನು ಹೇಳುವುದು ಅದು. ಸರಾಸರಿ 90, ಕನಿಷ್ಠ 35 ಇರುವ ಕಾರ್ಡಿಗಿಂತ ಸರಾಸರಿ 80, ಕನಿಷ್ಠ 62 ಇರುವುದು ಆಡಲು ಹಿತ. ಪರೀಕ್ಷೆ ಮಾಡುವವರು ಬಹುಪಾಲು ಅತಿವೇಗದ ಪ್ರೊಸೆಸರ್ ಹಾಕಿ ಅಳೆದಿರುತ್ತಾರೆ, ನಿಮ್ಮ ಯಂತ್ರದಲ್ಲಿ ಅಷ್ಟು ಬರದಿರಬಹುದು. ಕೊನೆಗೆ ಬೆಲೆಯನ್ನು ಐದೂ ಆಟಗಳ ಸರಾಸರಿ ಫ್ರೇಮ್ ದರದಿಂದ ಭಾಗಿಸಿ. ಒಂದು ಫ್ರೇಮಿಗೆ ಎಷ್ಟು ಕೊಡುತ್ತಿದ್ದೀರಿ ಎಂಬುದು ತಿಳಿಯುತ್ತದೆ. ಎರಡು ಕಾರ್ಡು ಸಮವೆನಿಸಿದರೆ ಮೆಮೊರಿ ಹೆಚ್ಚಿರುವುದಕ್ಕೆ ನನ್ನ ಮತ.

ಹಳೆಯ ಕಾರ್ಡು ಕೊಳ್ಳುವುದಾದರೆ

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವಿಧಾನ ಬದಲಿಸಿದಾಗ ಕಾರ್ಡುಗಳಿಂದ ಅದನ್ನು ಗಣಿ ಮಾಡುವುದು (ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತುಹೋಯಿತು, ದುಡಿದು ದಣಿದ ಅಸಂಖ್ಯ ಕಾರ್ಡುಗಳು ಮಾರಾಟಕ್ಕೆ ಬಂದವು. ಗಣಿಯಲ್ಲಿ ದುಡಿದದ್ದೆಲ್ಲ ಕೆಟ್ಟದ್ದೆಂದೇನಲ್ಲ. ಸವೆಯುವುದು ಫ್ಯಾನು, ಒಣಗುವುದು ಶಾಖ ಸಾಗಿಸುವ ಪೇಸ್ಟು. ಬಿಸಿಯಲ್ಲೇ ಬೆಂದ ಮೆಮೊರಿ ಚಿಪ್ ಮಾತ್ರ ಚಿಂತೆಯ ಮಾತು.

ಮಾರುವವರ ಯಂತ್ರದಲ್ಲೇ ಅರ್ಧ ಗಂಟೆ ಭಾರದ ಪರೀಕ್ಷೆ ಓಡಿಸಿ. ನನ್ನ ಸ್ನೇಹಿತರೊಬ್ಬರು ತಂದ ಕಾರ್ಡು ಇಪ್ಪತ್ತು ನಿಮಿಷ ಅಂದವಾಗಿ ನಡೆದು, ಕಾದ ಮೇಲೆ ಪರದೆ ತುಂಬ ಬಣ್ಣದ ಚುಕ್ಕೆಗಳನ್ನು ಉಗುಳತೊಡಗಿತು. ಐದು ನಿಮಿಷದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತಿರಲಿಲ್ಲ. ಚಿಪ್ಪಿನ ಸರಾಸರಿ ಬಿಸಿಗೂ ಅತಿ ಬಿಸಿಯ ಬಿಂದುವಿಗೂ 25 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಪೇಸ್ಟ್ ಬದಲಿಸಬೇಕಾದೀತು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಚಿಪ್ಪಿನ ಹೆಸರು, ಕೋರ್ ಸಂಖ್ಯೆ, ಬಸ್ ಅಗಲ ನೋಡಿ. ಹಳೆಯ ಕಾರ್ಡಿನ ಬಯಾಸ್ (ಅದರೊಳಗೇ ಬರೆದಿಟ್ಟ ಮೂಲ ತಂತ್ರಾಂಶ) ತಿದ್ದಿ ಹೊಸ ಹೆಸರಿನಲ್ಲಿ ಮಾರುವ ಮೋಸ ಇದೆ. ಕೂಲರ್ ಮೇಲಿನ ತಿರುಪುಗಳು ಉಜ್ಜಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆಂದು ತಿಳಿಯಿರಿ, ಏಕೆಂದು ಕೇಳಿ. ವಾರಂಟಿ ಎರಡನೆಯ ಒಡೆಯನಿಗೆ ದಾಟುತ್ತದೆಯೇ ಎಂದೂ ಖಾತ್ರಿಪಡಿಸಿಕೊಳ್ಳಿ.

ಕೂರಿಸಿದ ಮೇಲೆ

ವಿದ್ಯುತ್ ಪೂರ್ತಿ ಕಡಿದು, ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿನಲ್ಲಿ ಕೂರಿಸಿ. ಕೊಕ್ಕೆ ಟಕ್ ಎನ್ನಬೇಕು. ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಎಷ್ಟೋ ಜನ ಹೊಸ ಕಾರ್ಡು ಹಾಕಿಯೂ ತಿಂಗಳುಗಟ್ಟಲೆ ಪ್ರೊಸೆಸರಿನ ಗ್ರಾಫಿಕ್ಸ್‌ನಲ್ಲೇ ಆಡಿರುತ್ತಾರೆ. ಬೇರೆ ಕಂಪನಿಯ ಹಳೆಯ ಕಾರ್ಡಿತ್ತಾದರೆ ಅದರ ಡ್ರೈವರನ್ನು ಡಿಡಿಯು ಎಂಬ ತಂತ್ರಾಂಶ ಬಳಸಿ ತೊಳೆದು ಹೊಸದು ಹಾಕಿ. ಮದರ್‌ಬೋರ್ಡಿನ ಬಯಾಸ್‌ನಲ್ಲಿ ರೀಸೈಜಬಲ್ ಬಾರ್ ಚಾಲೂ ಮಾಡಿ. ಆಪರೇಟಿಂಗ್ ಸಿಸ್ಟಮ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ದರವನ್ನು ಕೈಯಾರೆ 144ಕ್ಕೋ 165ಕ್ಕೋ ಏರಿಸಿ, ತಾನಾಗಿ ಅದು 60ರಲ್ಲೇ ಉಳಿದಿರುವುದುಂಟು.

ಫ್ಯಾನ್ ಸದ್ದು ಹೆಚ್ಚೆನಿಸಿದರೆ ಪವರ್ ಲಿಮಿಟ್ಟನ್ನು ಶೇಕಡಾ 80ಕ್ಕೆ ಇಳಿಸಿ ನೋಡಿ. ಕಾರ್ಡುಗಳು ಕೊನೆಯ ಹಿಡಿಯಷ್ಟು ವೇಗಕ್ಕಾಗಿ ಅತಿಯಾಗಿ ವಿದ್ಯುತ್ ಸುರಿಯುತ್ತವೆ. ಅದನ್ನು ಬಿಟ್ಟುಕೊಟ್ಟರೆ ವೇಗ ಇಳಿಯುವುದು ಸ್ವಲ್ಪವೇ, ಬಿಸಿ ಮತ್ತು ಸದ್ದು ಮಾತ್ರ ಚೆನ್ನಾಗಿ ಇಳಿಯುತ್ತವೆ. ಮರಳಿಸುವ ಗಡುವು ಮುಗಿಯುವ ಮೊದಲೇ ಆ ಐದೂ ಆಟಗಳನ್ನು ತಲಾ ಎರಡು ಗಂಟೆ ಆಡಿಬಿಡಿ. ಪೆಟ್ಟಿಗೆ, ಬಿಲ್ಲು, ಒಳಗಿನ ಸ್ಪಂಜು ಅಲ್ಲಿಯವರೆಗೆ ಎಸೆಯಬೇಡಿ.